ಹಳಿ ಮುಗಿಯುವ ಊರು, ಕಪ್ಪಾದ ಕಾಲುಂಗುರ

2023 ನವೆಂಬರ್ 18, ಶನಿವಾರ

ಕಾಲುಂಗುರ ಕಪ್ಪಾಗಿದೆ. ಬೆಳಿಗ್ಗೆ ಟೋಕಿಯೊದ ಮನೆ ಬಿಡುವಾಗ ಬೆಳ್ಳಗಿದ್ದದ್ದು ಈಗ ಹಳೆಯ ಬಾಣಲೆಯ ತಳದ ಬಣ್ಣಕ್ಕೆ ತಿರುಗಿದೆ. ನಾಗಾನೊ ಪ್ರಾಂತ್ಯದ ಬೆಸ್ಶೊ ಊರಿನ ಬಿಸಿನೀರಿನ ಬುಗ್ಗೆಯಲ್ಲಿ ಗಂಧಕವಿದೆಯೆಂದು ಓದಿಕೊಂಡೇ ಹೋಗಿದ್ದೆ. ಬೆಳ್ಳಿಗೂ ಗಂಧಕಕ್ಕೂ ಆಗಿಬರುವುದಿಲ್ಲವೆಂಬುದು ಶಾಲೆಯ ಪಾಠ. ಆದರೂ ತೆಗೆದಿಡಬೇಕೆಂದು ಹೊಳೆಯಲಿಲ್ಲ.

ನಿಜ ಹೇಳಬೇಕೆಂದರೆ ನಾನು ಹೋದದ್ದು ಸ್ನಾನಕ್ಕಲ್ಲ, ನಿಲ್ದಾಣ ನೋಡಲು. ಸಾಗರದಲ್ಲಿ ಬೆಳೆದವಳಿಗೆ ಹಳಿ ಮುಗಿಯುವ ಊರೆಂದರೆ ತಾಳಗುಪ್ಪ. ಚಿಕ್ಕಂದಿನಿಂದಲೂ ಇದೊಂದು ಹುಚ್ಚು.

ಬುಲೆಟ್ ರೈಲು ಶಿಂಕಾನ್ಸೆನ್‌ನಲ್ಲಿ ಸುಮಾರು ಒಂದೂವರೆ ಗಂಟೆಗೆ ಉಯೆದಾ. ಅಲ್ಲಿ ಇಳಿದು ಎರಡೇ ಬೋಗಿಯ ರೈಲು ಹತ್ತಬೇಕು. ಟೋಕಿಯೊದಲ್ಲಿ ಓಡಿ ಸವೆದ ಬೋಗಿಗಳಿಗೆ ಇಲ್ಲಿ ಎರಡನೆಯ ಆಯುಸ್ಸು. ಬೆಸ್ಶೊ ಮಾರ್ಗದ ಉದ್ದ 11.6 ಕಿಲೋಮೀಟರ್, ಅರ್ಧ ಗಂಟೆಯ ದಾರಿ. ಹೊರಟ ಸ್ವಲ್ಪ ಹೊತ್ತಿಗೇ ಚಿಕುಮಾ ನದಿಯ ಕೆಂಪು ಉಕ್ಕಿನ ಸೇತುವೆ. ಮೊಬೈಲ್ ನೋಡುತ್ತಿದ್ದ ಹುಡುಗನೊಬ್ಬ ಅಲ್ಲಿ ಮಾತ್ರ ತಲೆಯೆತ್ತಿದ.

ಎತ್ತಲು ಕಾರಣವಿದೆ. 1924ರ ಈ ಸೇತುವೆಯ ಒಂದು ತುದಿ 2019ರ ಅಕ್ಟೋಬರ್ 13ರಂದು ನದಿಗೆ ಬಿದ್ದಿತ್ತು. ಚಂಡಮಾರುತದ ಮಳೆಗೆ ಉಕ್ಕಿದ ನೀರು ದಡವನ್ನೇ ಕೊರೆದು, ಆ ತುದಿಯ ಆಸರೆಯನ್ನು ಕಿತ್ತುಹಾಕಿತು. ಇಷ್ಟು ಪುಟ್ಟ ಕಂಪನಿ, ಇಷ್ಟು ಕಡಿಮೆ ಪ್ರಯಾಣಿಕರು. ಲೆಕ್ಕ ಹಾಕುವವರು ಮಾರ್ಗವನ್ನು ಮುಚ್ಚಿಬಿಡಿ ಎಂದಿದ್ದರೆ ಯಾರೂ ಬೆರಗಾಗುತ್ತಿರಲಿಲ್ಲ. ಹಾಗಾಗಲಿಲ್ಲ. ನಗರಾಡಳಿತ ಸೇತುವೆಯನ್ನು ತನ್ನ ಒಡೆತನಕ್ಕೆ ತೆಗೆದುಕೊಂಡಿತು, ಖರ್ಚಿನ ಬಹುಪಾಲನ್ನು ಕೇಂದ್ರ ಸರ್ಕಾರ ಹೊತ್ತಿತು. 2021ರ ಮಾರ್ಚ್ 28ರಂದು ರೈಲು ಮತ್ತೆ ನದಿ ದಾಟಿತು. ಮಾರ್ಗಕ್ಕೆ ನೂರು ತುಂಬಿದ ವರ್ಷವೂ ಅದೇ.

ನದಿಯ ಆಚೆ ಶಿಯೋದಾ ಬಯಲು. ಮಳೆ ಕಡಿಮೆಯ ಸೀಮೆ, ಎಲ್ಲಿ ನೋಡಿದರೂ ಕೆರೆಗಳು. ಕೊನೆಗೆ ರೈಲು ಏರು ಹತ್ತಿ, ಬೆಟ್ಟದ ಬುಡಕ್ಕೆ ಬಂದು ಸುಮ್ಮನಾಗುತ್ತದೆ.

ಬೆಸ್ಶೊ ಒನ್‌ಸೆನ್ ನಿಲ್ದಾಣ ಮರದ ಕಟ್ಟಡ. ಒಂದೇ ಪ್ಲಾಟ್‌ಫಾರಂ. ಕಿಮೋನೊ ಮೇಲೆ ನೆರಿಗೆಯ ಹಕಾಮಾ ತೊಟ್ಟ ಹೆಂಗಸೊಬ್ಬರು ಬಂದವರಿಗೆ ತಲೆಬಾಗುತ್ತಿದ್ದರು. ನೂರು ವರ್ಷದ ಹಿಂದೆ ಶಾಲಾ ಹುಡುಗಿಯರ ಉಡುಪು ಅದು. ಪ್ರವಾಸಿಗರಿಗಾಗಿ ಹಾಕಿದ ವೇಷ ಎಂದು ಮೊದಲು ಮೂಗು ಮುರಿದೆ. ಆಮೇಲೆ ನೋಡಿದರೆ, ಅಜ್ಜನೊಬ್ಬನ ಸಂಚಿ ಹಿಡಿದು ಬಾಗಿಲತನಕ ಬಿಟ್ಟುಬಂದವರೂ ಅವರೇ.

ಪಕ್ಕದಲ್ಲಿ 1928ರ ನೀಲಿ-ಕೆನೆ ಬಣ್ಣದ ಹಳೆಯ ಬೋಗಿಯೊಂದು ನಿಂತಿದೆ. 1986ರವರೆಗೆ ಇದೇ ಹಳಿಯ ಮೇಲೆ ದುಡಿದದ್ದು. ಎಲ್ಲರೂ ಅದನ್ನು ‘ಮಾರು ಮಾದೊ’, ಅಂದರೆ ದುಂಡು ಕಿಟಕಿಯದು ಎನ್ನುತ್ತಾರೆ. ಹತ್ತಿರ ಹೋಗಿ ನೋಡಿದೆ. ದುಂಡಲ್ಲ, ಮೊಟ್ಟೆಯಾಕಾರ. ಬಾಗಿಲು ಸರಿದು ಒಳಸೇರುವ ಗೋಡೆಯಲ್ಲಿ ಮಾತ್ರ ಅಂಥ ಕಿಟಕಿ, ಉಳಿದವೆಲ್ಲ ಚೌಕವೇ. ಮಾಡಿದವನಿಗೆ ಅಷ್ಟು ಸಾಕೆನಿಸಿತೇನೋ. ಅದರ ಮುಂದೆ ಇಪ್ಪತ್ತು ನಿಮಿಷ ನಿಂತಿದ್ದೆ.

ಊರು ಸುತ್ತಿದ್ದು ಅವಸರದಲ್ಲಿ. ಅನ್ರಾಕುಜಿ ಬೌದ್ಧ ದೇವಾಲಯದ ಎಂಟು ಮೂಲೆಯ ಮರದ ಗೋಪುರಕ್ಕೆ ಸೂರು ನಾಲ್ಕು, ಅಂತಸ್ತು ಮೂರೇ. ಕೆಳಗಿನ ಸೂರು ಬರೀ ಸೆರಗು. ಉತ್ತರಕ್ಕೆ ಮುಖಮಾಡಿದ, ಕರುಣೆಯ ಬೋಧಿಸತ್ವ ಕನ್ನೊನ್‌ನ ಗುಡಿಯಲ್ಲಿ ಕೈತೊಳೆಯುವ ನೀರೂ ಬುಗ್ಗೆಯದೇ, ಬೆಚ್ಚಗಿತ್ತು. ನಾಗಾನೊದ ಝೆನ್‌ಕೋಜಿ ದೇವಾಲಯ ದಕ್ಷಿಣಕ್ಕೆ ನೋಡುತ್ತದೆ. ಎರಡರಲ್ಲಿ ಒಂದನ್ನೇ ನೋಡಿದರೆ ಅರ್ಧ ಯಾತ್ರೆಯಂತೆ. ನನ್ನದು ಅರ್ಧವೇ.

ಸಾರ್ವಜನಿಕ ಸ್ನಾನದ ಮನೆಯಲ್ಲಿ ತೊಟ್ಟಿಯಂಚಿಗೆ ಕುಳಿತಿದ್ದ ಅಜ್ಜಿಯೊಬ್ಬರು ನನ್ನ ಪಾದವನ್ನೇ ನೋಡಿ, “ಗಿನ್?” ಎಂದು ಕೇಳಿದರು. ಬೆಳ್ಳಿಯೇ ಎಂದು. ಹೌದೆಂದೆ. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನನಗೆ ಅರ್ಥವಾದದ್ದು ನೀರಿನಿಂದ ಎದ್ದ ಮೇಲೆ.

ಸಂಜೆ ನಿಲ್ದಾಣಕ್ಕೆ ಓಡಿ ಬಂದರೂ ಕಣ್ಣೆದುರೇ ರೈಲು ಹೋಯಿತು. ನಾಲ್ಕೂವರೆಯ ಹೊತ್ತಿಗೇ ಕತ್ತಲು. ಮುಂದಿನ ರೈಲಿಗೆ ಕಾಯುತ್ತಾ ಬೆಂಚಿನ ಮೇಲೆ ಕಾಲುಚೀಲ ತೆಗೆದು ಉಂಗುರ ತಿಕ್ಕಿದೆ. ಹೋಗಲಿಲ್ಲ.

ಅಮ್ಮನಾಗಿದ್ದರೆ ವಿಭೂತಿ ಹಚ್ಚಿ ಉಜ್ಜುತ್ತಿದ್ದಳು. ಈಗ ಟೂತ್‌ಪೇಸ್ಟ್ ಹಚ್ಚಿ ನೋಡಿದೆ; ಎಡಗಾಲಿನದು ಬೆಳ್ಳಗಾಯಿತು. ಬಲಗಾಲಿನದನ್ನು ಹಾಗೆಯೇ ಬಿಟ್ಟಿದ್ದೇನೆ.