ಧಾರವಾಡದಲ್ಲಿ ನೋಡೋಕೆ ಏನಿದೆ?

ಬೆಂಗಳೂರಿನ ಗೆಳೆಯರು ದಾಂಡೇಲಿಗೋ ಗೋವಾಕ್ಕೋ ಹೊರಟಾಗ ನನಗೊಂದು ಫೋನ್ ಮಾಡುತ್ತಾರೆ. "ದಾರಿಯಲ್ಲಿ ನಿಮ್ಮೂರು ಸಿಗುತ್ತಲ್ಲ, ಎರಡು ಗಂಟೆ ಟೈಮಿದೆ. ನೋಡೋಕೆ ಏನಿದೆ?" ಮೊದಲೆಲ್ಲ ಪಟ್ಟಿ ಕೊಡುತ್ತಿದ್ದೆ. ಈಗ ತಿರುಗಿ ಕೇಳುತ್ತೇನೆ, "ಸಂಜೆ ಇರ್ತೀರಾ?"

ಒಮ್ಮೆ ಒಬ್ಬ ಗೆಳೆಯನನ್ನು ಮನೋಹರ ಗ್ರಂಥಮಾಲೆಯ ಅಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಮೆಟ್ಟಿಲು ಹತ್ತಿದ, ಪುಸ್ತಕ ನೋಡಿದ, "ಇಷ್ಟೇನಾ?" ಅಂದ. ತಪ್ಪು ಅವನದಲ್ಲ. 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ ಪ್ರಕಾಶನ ಅದು. ಬೇಂದ್ರೆ, ವಿಮರ್ಶಕ ಕುರ್ತಕೋಟಿ, ಗಿರೀಶ ಕಾರ್ನಾಡ ಎಲ್ಲರೂ ಅಲ್ಲಿ ಕೂತು ಹರಟಿದವರು. ಕಾರ್ನಾಡರ ಮೊದಲ ನಾಟಕ 'ಯಯಾತಿ' ಪ್ರಕಟವಾಗಿದ್ದೂ ಅಲ್ಲಿಂದಲೇ. ಆದರೆ ಹರಟೆಯ ಫೋಟೋ ತೆಗೆಯೋಕಾಗಲ್ಲ, ಅಲ್ವಾ? ಸಾಧನಕೇರಿಯದೂ ಇದೇ ಕತೆ. ಕೆರೆ ಇದೆ, ಎದುರಿಗೆ ಬೇಂದ್ರೆಯವರ ಮನೆ ಇದೆ. ಸುಮ್ನೆ ನೋಡಿ ಬರುವವರಿಗೆ ಹತ್ತು ನಿಮಿಷ ಸಾಕು.

ಸಂಜೆಯ ಮಾತೇ ಬೇರೆ. ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಇವತ್ತಿಗೂ ಅಲ್ಲಿ ದತ್ತಿ ಉಪನ್ಯಾಸಗಳು ನಡೆಯುತ್ತವೆ. ದತ್ತಿ ಅಂದರೆ, ತೀರಿಕೊಂಡ ಅಪ್ಪನದೋ ಅವ್ವನದೋ ಹೆಸರಲ್ಲಿ ಮನೆಯವರು ಒಂದಿಷ್ಟು ದುಡ್ಡು ಇಡುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಕಾರ್ಯಕ್ರಮ. ಹೀಗೆ ಎಷ್ಟೋ ಮನೆಗಳ ಹಿರಿಯರು ಈ ಊರಿಗೆ ಪ್ರತಿವರ್ಷ ಒಂದು ಸಂಜೆ ಕೊಡುತ್ತಿದ್ದಾರೆ. ಭಾಷಣ ಒಮ್ಮೊಮ್ಮೆ ಉದ್ದ ಜಾಸ್ತಿಯಾಗುತ್ತದೆ, ಅದನ್ನೂ ಹೇಳಿಬಿಡಬೇಕು. ಮುಂದಿನ ಸಾಲಿನ ಹಿರಿಯರು ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡಿರುತ್ತೀರಿ. ಕೊನೆಗೆ ಮೊದಲ ಪ್ರಶ್ನೆ ಅವರದೇ!

ಸಂಗೀತ ಕಛೇರಿ ಇದ್ದರಂತೂ ಬಿಡಲೇಬೇಡಿ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಇದ್ದ ಊರಿದು. ಮನಸೂರರ ಮನೆ ಈಗ ಸ್ಮಾರಕ. ಅದನ್ನೂ ನೋಡಿ, ಬೇಡ ಅನ್ನಲ್ಲ. ಆದರೆ ಅವರ ಹಾಡು ಕೇಳಿ ಬೆಳೆದವರ ನಡುವೆ ಒಂದು ಕಛೇರಿಗೆ ಕೂತು ನೋಡಿ. ಅಟ್ಟದಲ್ಲಿ "ಇಷ್ಟೇನಾ" ಅಂದಿದ್ದ ಗೆಳೆಯ ಇನ್ನೊಮ್ಮೆ ಬಂದಾಗ ಸಂಜೆ ಉಳಿದ. ವಿಲಂಬಿತ್ ಖ್ಯಾಲ್, ಅಂದರೆ ಹಿಂದೂಸ್ತಾನಿಯ ನಿಧಾನಗತಿಯ ಗಾಯನ, ನಡೆದಿತ್ತು. ಅರ್ಧ ಗಂಟೆಗೆ ಬೇಸರವಾಗಿ ಫೋನ್ ತೆಗೆದ. ಪಕ್ಕದ ಅಜ್ಜ ಮುಚ್ಚಿದ ಕಣ್ಣು ತೆರೆಯದೆ, "ಒಳಗ ಇಡ್ರಿ ತಮ್ಮಾ, ಈಗ ಷಡ್ಜಕ್ಕ ಬರ್ತಾರ" ಅಂದರು. ಗಾಯಕರು ಷಡ್ಜಕ್ಕೆ, ಅಂದರೆ 'ಸ' ಸ್ವರಕ್ಕೆ, ಬಂದರು. ಸಭೆಯಲ್ಲೆಲ್ಲ "ಆಹಾ!" ಗೆಳೆಯನೂ ಅಂದ. ಅರ್ಥವಾಗಿ ಅಂದನೋ, ಅಜ್ಜನಿಗೆ ಹೆದರಿ ಅಂದನೋ, ಇವತ್ತಿಗೂ ಹೇಳಿಲ್ಲ.

ಅಂದಹಾಗೆ ಪೇಢೆ. ಉತ್ತರ ಪ್ರದೇಶದಿಂದ ಬಂದ ಠಾಕೂರ್ ಮನೆತನ ಇಲ್ಲಿ ಶುರು ಮಾಡಿದ ತಿಂಡಿ ಅದು. ಅದಕ್ಕೆ ಮಾತ್ರ ಸಂಜೆಯವರೆಗೆ ಕಾಯಬೇಡಿ. ಬೆಳಿಗ್ಗೆಯೇ ಲೈನ್ ಬಜಾರಿಗೆ ಹೋಗಿ ಸಾಲಿನಲ್ಲಿ ನಿಂತುಬಿಡಿ. ನನಗೂ ಅರ್ಧ ಕೆಜಿ ಇರಲಿ.