ಮಂಜಿನ ಬೆಳಗು, ಕಬ್ಬಿನ ಟ್ರ್ಯಾಕ್ಟರು

ಮಂಡ್ಯದ ಚಳಿ ಒಂದು ಸ್ವೆಟರ್, ಒಂದು ಮಫ್ಲರ್‌ನಲ್ಲಿ ಮುಗಿಯುತ್ತೆ. ಭಯಪಡಬೇಕಾದ್ದು ಡಿಸೆಂಬರ್, ಜನವರಿಯ ಬೆಳಗಿನ ಮಂಜಿಗೆ, ಅದರೊಳಗೆ ಹಿಂದಿನ ಲೈಟಿಲ್ಲದೆ ಹೋಗೋ ಕಬ್ಬಿನ ಟ್ರ್ಯಾಕ್ಟರಿಗೆ.

ರಾತ್ರಿ ಮೋಡವಿಲ್ಲದೆ, ಗಾಳಿ ಆಡದೆ ಇದ್ದರೆ ನೆಲ ಬೇಗ ತಣ್ಣಗಾಗುತ್ತೆ. ಗದ್ದೆ, ನಾಲೆ, ಕೆರೆ ಪಕ್ಕದ ತೇವ ಅಲ್ಲೇ ಮಂಜಾಗಿ ಕೂರುತ್ತೆ. ಊರೊಳಗೆ ಚೆನ್ನಾಗಿ ಕಾಣ್ತಿದ್ದ ರಸ್ತೆ ವಿಶ್ವೇಶ್ವರಯ್ಯ ನಾಲೆ ಹತ್ತಿರ ಮಾಯವಾಗೋದು ಇದಕ್ಕೇ. ಆಲೆಮನೆ ಹೊಗೆ, ತರಗು ಸುಟ್ಟ ಹೊಗೆ ಸೇರಿಕೊಂಡರಂತೂ ಕೇಳಲೇಬೇಡಿ.

ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಣ್ಣಿಗೆ ಕಂಡು ಕಾಲು ಬ್ರೇಕ್ ತುಳಿಯೋಕೆ ಒಂದೂವರೆ ಸೆಕೆಂಡ್ ಹಿಡಿದರೂ 25 ಮೀಟರ್ ಹೋಯ್ತು, ಗಾಡಿಯ ವೇಗ ಇನ್ನೂ ಇಳಿದೇ ಇಲ್ಲ. ಮುಂದೆ 30 ಮೀಟರ್ ಮಾತ್ರ ಕಾಣ್ತಿದ್ದರೆ ವೇಗವೂ ಗಂಟೆಗೆ 30 ಕಿ.ಮೀ. ದಾಟಬಾರದು. ಇಬ್ಬನಿಗೆ ಒದ್ದೆಯಾದ ರಸ್ತೆಯಲ್ಲಿ 40 ಕೂಡ ನಂಬೋಹಾಗಿಲ್ಲ.

ಲೈಟ್ ಡಿಮ್‌ನಲ್ಲೇ ಇರಲಿ. ಹೈ ಬೀಮ್ ಮಂಜಿಗೆ ಬಡಿದು ವಾಪಸ್ ನಿಮ್ಮ ಕಣ್ಣಿಗೇ ಹೊಡೆಯುತ್ತೆ. ಓಡ್ತಿರೋ ಗಾಡಿಗೆ ನಾಲ್ಕೂ ಇಂಡಿಕೇಟರ್ ಹಾಕೋ ಚಟ ಬಿಡಿ: ಗಾಡಿ ನಿಂತಿದೆಯೋ, ತಿರುಗುತ್ತಿದೆಯೋ ಹಿಂದಿನವನಿಗೆ ಗೊತ್ತಾಗಲ್ಲ. ಗಾಜು ಮಸುಕಾದರೆ ಬೆರಳಾಡಿಸಿ ನೋಡಿ. ಮಸುಕು ಒಳಗಿದ್ದರೆ ಎ.ಸಿ. ಗಾಳಿ ಗಾಜಿಗೆ ಬಿಡಿ, ಹೊರಗಿದ್ದರೆ ವೈಪರ್ ಸಾಕು.

2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು, ಅದೂ ಹಾಡುಹಗಲೇ. ಮಂಜು ಕವಿದಾಗ ತಡೆಗೋಡೆ ಇಲ್ಲದ ನಾಲೆ ಏರಿ ಮೇಲೆ ಹೋಗಲೇಬೇಡಿ. ಬಿಸಿಲು ಬರೋವರೆಗೆ ಕಾಫಿ ಕುಡೀತಾ ಕೂತಿರಿ.

ಬೈಕಿನವರ ಪಾಡು ಇನ್ನೂ ಕಷ್ಟ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್‌ನಿಂದ ಬೈಕೂ ಇಲ್ಲ, ಟ್ರ್ಯಾಕ್ಟರೂ ಇಲ್ಲ. ಹಾಗಾಗಿ ಸರ್ವಿಸ್ ರಸ್ತೆಯಲ್ಲಿ ಇಬ್ಬರೂ ಒಟ್ಟಿಗೆ. ಕೈ ಮರಗಟ್ಟಿದರೆ ಬ್ರೇಕ್ ಹಿಡಿಯೋದು ತಡವಾಗುತ್ತೆ, ಗ್ಲೌಸ್ ಹಾಕಿ. ಹೆಲ್ಮೆಟ್ ಗಾಜನ್ನು ಒಂದು ಬೆರಳಷ್ಟು ಎತ್ತಿಟ್ಟರೆ ಉಸಿರಿನ ಆವಿ ಕಟ್ಟಲ್ಲ. ಹಿಂದೆ ಕೂತವರ ಶಾಲಿನ ಅಂಚು ಒಳಗೆ ಸಿಕ್ಕಿಸಿರಲಿ. ಜೋತಾಡಿದರೆ ಚಕ್ರಕ್ಕೆ ಸುತ್ತಿಕೊಳ್ಳುತ್ತೆ.

ಇನ್ನು ಟ್ರ್ಯಾಕ್ಟರಿನವರಿಗೆ. ಲೈಟ್ ಉರೀತಿದ್ದರೂ ಜೋತುಬಿದ್ದ ಕಬ್ಬು ಅದನ್ನ ಪೂರ್ತಿ ಮುಚ್ಚಿರುತ್ತೆ. ಲೋಡ್ ಆದಮೇಲೆ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ರಿಫ್ಲೆಕ್ಟರ್ ಪಟ್ಟಿ ಅಂಟಿಸಿದ ಹಲಗೆಯೊಂದನ್ನು ಕಬ್ಬಿನ ತುದಿಗೇ ಕಟ್ಟಿ, ಟ್ರೇಲರ್ ಎರಡಿದ್ದರೆ ಹಿಂದಿನದಕ್ಕೆ. ಕೆಟ್ಟು ನಿಂತರೆ ಸೊಪ್ಪಿನ ಕೊಂಬೆ ಇಟ್ಟರೆ ಮಂಜಲ್ಲಿ ಯಾರಿಗೂ ಕಾಣಲ್ಲ. ಕೆಂಪು ತ್ರಿಕೋನವನ್ನು 50 ಮೀಟರ್ ಹಿಂದೆ ಇಡಿ. ಚಕ್ರಕ್ಕೆ ಕೊಟ್ಟ ಕಲ್ಲನ್ನು ಹೊರಡುವಾಗ ರಸ್ತೆಯಲ್ಲೇ ಬಿಡಬೇಡಿ, ಹಿಂದೆ ಬರೋ ಬೈಕಿನವನು ಅದಕ್ಕೇ ಎಡವೋದು.