ಆಗುಂಬೆ ಘಾಟಿಗೆ ಪ್ರೀಮಿಯಂ ಪೆಟ್ರೋಲ್ ಬೇಕಾ?

ಮೊದಲು ಕಾರಿನ ಮ್ಯಾನುಯಲ್ ನೋಡಿ. ಅದು ಕೇಳಿದ್ದು 91 ಆಕ್ಟೇನ್ ಆಗಿದ್ದರೆ, 95ರ ಪ್ರೀಮಿಯಂ ಹಾಕಿಸಿದಾಕ್ಷಣ ಮೈಲೇಜ್ ಏರುವುದಿಲ್ಲ. ಆಕ್ಟೇನ್ ಅಂದರೆ ಪೆಟ್ರೋಲಿನ ಕಸುವಲ್ಲ; ಒತ್ತಡಕ್ಕೆ ಸಿಕ್ಕಿ ಹೊತ್ತಿಗೆ ಮುಂಚೆ ಸಿಡಿಯದಂತೆ ತಡೆಯುವ ಗುಣ.

ಘಾಟಿಯ ತಿರುವಲ್ಲಿ ಮೂರನೇ ಗೇರಲ್ಲೇ ಆಕ್ಸಿಲರೇಟರ್ ಒತ್ತಿದರೆ ಡಬ್ಬಿಯೊಳಗೆ ಕಲ್ಲು ಅಲ್ಲಾಡಿಸಿದಂಥ ಸದ್ದು ಬರುತ್ತಲ್ಲ, ಅದೇ ನಾಕಿಂಗ್. ಅದನ್ನು ತಡೆಯಲು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸ್ಪಾರ್ಕನ್ನು ತಡಮಾಡುತ್ತದೆ. ಎಳೆತ ಕುಗ್ಗಿ ಕಾರು ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಎರಡನೇ ಗೇರಿಗೆ ಇಳಿಸಿ, ಎಷ್ಟೋ ಕಾರುಗಳಿಗೆ ಅಷ್ಟೇ ಸಾಕು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಂಜಿನ್ನಿಗೆ ಕಂಪನಿಯೇ 95 ಹೇಳಿದ್ದರೆ ಮಾತು ಬೇರೆ.

ಮೈಲೇಜ್ ಅಳೆಯುವಾಗ ಡ್ಯಾಶ್‌ಬೋರ್ಡನ್ನೇ ನಂಬಬೇಡಿ. ಒಂದೇ ಬಂಕಲ್ಲಿ, ನಾಜಲ್ ತಾನೇ ಕಟ್ ಆಗುವವರೆಗೆ ತುಂಬಿಸಿ. ಶಿವಮೊಗ್ಗ–ತೀರ್ಥಹಳ್ಳಿ ಮೂರು ಸಲ ಹೋಗಿಬಂದು ಕನಿಷ್ಠ 300 ಕಿ.ಮೀ. ಮಾಡಿ, ಮತ್ತೆ ತುಂಬಿಸಿ, ಓಡಿದ ಕಿ.ಮೀ.ಯನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಬರೀ ಘಾಟಿ ಇಳಿದ ಲೆಕ್ಕ ಹಿಡಿದರೆ ಯಾವ ಪೆಟ್ರೋಲೂ ಚಿನ್ನವೇ!